ಏಳನೇ ಕಾರ್ಡಿನ ಎರಡು ದಾರ

ಉಪ್ಪಿನ ಡಬ್ಬಿಯ ಮೇಲೆ ಮೂರು ಕಡೆ ಉಪ್ಪು ಎಂದು ಬರೆದಿತ್ತು. ಮುಚ್ಚಳದ ಮೇಲೊಂದು, ಹೊಟ್ಟೆಯ ಮೇಲೊಂದು, ತಳದಲ್ಲೊಂದು. ಮುಚ್ಚಳ ಅದಲುಬದಲಾಗಬಹುದು, ಹೊಟ್ಟೆಗೆ ಅಂಟಿಸಿದ ಚೀಟಿ ಕಿತ್ತುಬರಬಹುದು, ತಳ ಎಲ್ಲಿಗೆ ಹೋಗುತ್ತದೆ ಎಂದು ಮದುವೆಯಾದ ಹೊಸತರಲ್ಲಿ ಗಂಡ ಹೇಳಿದಾಗ ಅವಳು ನಕ್ಕಿದ್ದಳು. ನಕ್ಕು, ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು, ನಲ್ಲಿಯನ್ನು ಪೂರ್ತಿ ತಿರುಗಿಸಿ, ಆ ಸದ್ದಿನ ಮರೆಯಲ್ಲಿ ಅತ್ತಿದ್ದಳು. ಅದಕ್ಕೀಗ ಹದಿನೆಂಟು ವರ್ಷ. ಇವತ್ತು ಬೆಳಿಗ್ಗೆ ಒಲೆಯ ಮುಂದೆ ನಿಂತು ಆ ಡಬ್ಬಿಯನ್ನು ಕೈಗೆತ್ತಿಕೊಂಡವಳು ಯಾವ ಮಂಕು ಕವಿದಿತ್ತೋ, ಅದನ್ನು ಬೋರಲು ಮಾಡಿ ತಳ ನೋಡಿದಳು. ಗುಂಡಗಿನ, ಒಂದಕ್ಕೊಂದು ತಾಗದ ಅಕ್ಷರಗಳು. ಮುಚ್ಚಳ ಸಡಿಲವಿತ್ತು, ಉಪ್ಪೆಲ್ಲ ಕಟ್ಟೆಯ ಮೇಲೆ ಸುರಿಯಿತು. "ಅಪ್ಪಾ, ಬಾ ಇಲ್ಲಿ, ಚೆಲ್ಲಿದ ಉಪ್ಪು ಅಂತ ಒಂದು ಚೀಟಿ ಬರೀಬೇಕಂತೆ," ಎಂದು ಮಗಳು ಮೇಜಿನಿಂದಲೇ ಕೂಗಿದಳು. ಹದಿನೈದರ ಹುಡುಗಿ, ನಾಲಿಗೆಗೆ ಬೀಗವಿಲ್ಲ. ಅಪ್ಪ ಗಣಿತ ಹೇಳುವ ಶಾಲೆಯಲ್ಲೇ ಓದುತ್ತಾಳೆ. ಅಲ್ಲಿ ಮಕ್ಕಳು ಅವನಿಗೆ ಮೂರುಸಲ ಮೇಷ್ಟ್ರು ಎಂದು ಹೆಸರಿಟ್ಟಿದ್ದಾರೆ, ಒಂದೊಂದು ಉತ್ತರಪತ್ರಿಕೆಯ ಅಂಕವನ್ನೂ ಮೂರು ಸಲ ಕೂಡುತ್ತಾನೆಂದು. ಆ ಹೆಸರನ್ನು ಮನೆಗೆ ತಂದವಳೂ ಇವಳೇ. ಅವನು ಬೇಜಾರು ಮಾಡಿಕೊಳ್ಳಲಿಲ್ಲ. "ಎರಡು ಸಲ ಕೂಡಿ ಬೇರೆ ಬೇರೆ ಬಂದರೆ ಯಾವುದು ಸರಿ ಅಂತ ಹೇಗೆ ಗೊತ್ತಾಗುತ್ತೆ ಮಗಳೇ, ಮೂರನೇದು ಪಂಚಾಯ್ತಿಗೆ," ಎಂದಿದ್ದ.

ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತ. ಉಪ್ಪಿನ ಕಡೆ ನೋಡಲಿಲ್ಲ. "ಹಾಲು ತಗೊಳ್ಳೋಕೆ ಬಾಗಿಲು ತೆಗೆದದ್ದು ನಾನು ತಾನೇ? ಆಮೇಲೆ ಚಿಲಕ ಹಾಕಿದೆನಾ?" ಎಂದ. "ಹಾಕಿದ್ರಿ." "ನೀನು ನೋಡಿದೆಯಾ?" "ನೋಡಿದೆ," ಎಂದಳು. ನೋಡಿರಲಿಲ್ಲ. ದಿನಕ್ಕೆ ನಾಲ್ಕೈದು ಸಲವಾದರೂ ಈ ಮಾತು ಹೇಳುತ್ತಾಳೆ. ಒಲೆ ಆರಿಸಿದ್ದನ್ನು ನೋಡಿದೆ, ಬೀಗ ಜಗ್ಗಿದ್ದನ್ನು ನೋಡಿದೆ, ಲಕೋಟೆಗೆ ಸರಿಯಾದ ಕಾಗದವನ್ನೇ ಹಾಕಿದ್ದನ್ನು ನೋಡಿದೆ. ನೋಡದೆ ಇರುವುದನ್ನೆಲ್ಲ ನೋಡಿದೆ ಎನ್ನುವವಳು ಕಣ್ಣಾರೆ ನೋಡಿದ ಒಂದೇ ಒಂದನ್ನು ಮಾತ್ರ ನುಂಗಿಕೊಂಡು ಕೂತಿದ್ದಾಳೆ. ಅವನ ಮುಖ ನಿರಾಳವಾಯಿತು. "ಇವತ್ತು ನಿನ್ನ ಕೋಷ್ಟಕಕ್ಕೆ ಮುದ್ರೆ ಬೀಳೋ ದಿನ ಅಲ್ವಾ," ಎಂದ ಅವನು. ಅವಳ ಸೀರೆಗೆ ತಾನೇ ಇಸ್ತ್ರಿ ಹಾಕಿ ಮಂಚದ ಮೇಲೆ ಇಟ್ಟಿದ್ದ. "ಈ ಮನೇಲಿ ಒಬ್ಬರದ್ದಾದ್ರೂ ಸರಿಹೋಯ್ತಲ್ಲ, ಅಷ್ಟು ಸಾಕು." ಕುಹಕವಿಲ್ಲ, ಕೊಂಕಿಲ್ಲ. ಒಂದಿಷ್ಟು ಕೊಂಕಿದ್ದರೂ ಅವಳು ಉಸಿರಾಡುತ್ತಿದ್ದಳೇನೋ.

ಹೊರಡುವ ಮೊದಲು ಬೀರುವಿನ ಕೆಳಗಿನ ಖಾನೆಯಿಂದ ಚಪ್ಪಟೆಯ ತಗಡಿನ ಡಬ್ಬಿಯೊಂದನ್ನು ತೆಗೆದು ಚೀಲಕ್ಕೆ ಹಾಕಿಕೊಂಡಳು. ಅದರ ಮೇಲೂ ಮೂರು ಕಡೆ ಅವನ ಅಕ್ಷರವಿತ್ತು. ಬಹಳ ವರ್ಷದ ಹಿಂದೆ ಒಂದು ರಜೆಯ ದಿನ ಇಡೀ ಮನೆಗೆ ಚೀಟಿ ಅಂಟಿಸುತ್ತಾ ಬಂದವನು ಇದನ್ನು ಕೈಯಲ್ಲಿ ಹಿಡಿದು, "ಇದರಲ್ಲೇನಿದೆ?" ಎಂದು ಕೇಳಿದ್ದ. "ಹಳೇ ದಾರ," ಎಂದಿದ್ದಳು. ಸುಳ್ಳಲ್ಲ. ಅವನು ತೆಗೆದು ನೋಡಲಿಲ್ಲ. ಹೆಂಡತಿ ಹೇಳಿದ ಮೇಲೆ ಮುಗಿಯಿತು. ಮುಚ್ಚಳದ ಮೇಲೆ, ಹೊಟ್ಟೆಯ ಮೇಲೆ, ತಳದಲ್ಲಿ, ಹಳೇ ದಾರ ಎಂದು ಬರೆದು ಇದ್ದ ಜಾಗದಲ್ಲೇ ಇಟ್ಟಿದ್ದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಚೀಲ ತೊಡೆಯ ಮೇಲೆ. ತಗಡಿನ ಅಂಚು ಸೀರೆಯ ಮೂಲಕ ಒತ್ತುತ್ತಿತ್ತು. ಭತ್ತದ ಸಂಶೋಧಕರ ಸಭೆಯಲ್ಲಿ ಮೂರು ಗಂಟೆಗೆ ವರ್ಣತಂತುಗಳ ಸರದಿ, ಅಷ್ಟರೊಳಗೆ ಹೇಳಬೇಕು, ಎದ್ದು ನಿಂತು ಹೇಳಬೇಕು. ಮುದ್ರೆ ಬಿದ್ದ ಮೇಲೆ ಹೇಳಿದರೆ ಅದು ತಪ್ಪೊಪ್ಪಿಗೆಯಲ್ಲ, ಹಲುಬಾಟ. ಇಷ್ಟು ದಿನ ಒಂದೊಂದು ಪ್ರಯೋಗಾಲಯವೂ ಭತ್ತದ ಒಳಗಿನ ವಂಶವಾಹಿಗಳಿಗೆ ತನಗೆ ತೋಚಿದ ಹೆಸರಿಟ್ಟುಕೊಂಡು ಬಂದಿತ್ತು. ಗಿಡವನ್ನು ಕುಳ್ಳಾಗಿಸುವ ಒಂದೇ ವಂಶವಾಹಿಗೆ ನಾಲ್ಕು ಹೆಸರು. ಅದು ಕೂತಿರುವ ವರ್ಣತಂತುವಿಗೆ ಒಬ್ಬರು ಮೂರು ಎಂದರೆ ಇನ್ನೊಬ್ಬರು ಐದು ಎನ್ನುವುದು. ಇನ್ನು ಮುಂದೆ ಒಂದೇ ಪುಸ್ತಕ, ಒಂದಕ್ಕೆ ಒಂದೇ ಹೆಸರು, ಒಂದೇ ಸಂಖ್ಯೆ. ಭತ್ತದ ಹನ್ನೆರಡು ವರ್ಣತಂತುಗಳನ್ನು ಉದ್ದದ ಪ್ರಕಾರ ಸಾಲಾಗಿ ನಿಲ್ಲಿಸಿ, ಎಲ್ಲಕ್ಕಿಂತ ಉದ್ದದ್ದು ಒಂದು, ಎಲ್ಲಕ್ಕಿಂತ ಗಿಡ್ಡದ್ದು ಹನ್ನೆರಡು ಎಂದು ಗೊತ್ತು ಮಾಡುವುದು. ಹಾಗೆ ಸಾಲು ನಿಲ್ಲಿಸಿದ್ದು ಹತ್ತೊಂಬತ್ತು ವರ್ಷದ ಹಿಂದೆ ಅವಳ ಕೋಷ್ಟಕ. ಅದರಲ್ಲಿ ಎಂಟನೆಯದು ಎಂಟನೆಯದಲ್ಲ, ಒಂಬತ್ತನೆಯದು ಒಂಬತ್ತನೆಯದಲ್ಲ ಎಂಬುದು ಭೂಮಿಯ ಮೇಲೆ ಅವಳೊಬ್ಬಳಿಗೇ ಗೊತ್ತು.

ಅಜ್ಜಿ ಒಂದು ಕತೆ ಹೇಳುತ್ತಿದ್ದಳು. ಹನ್ನೆರಡು ಜನ ಅಕ್ಕತಂಗಿಯರು ಎತ್ತರದ ಪ್ರಕಾರ ಒಂದೇ ಚಾಪೆಯ ಮೇಲೆ ಸಾಲಾಗಿ ಮಲಗುತ್ತಿದ್ದರಂತೆ. ಎಂಟನೆಯವಳಿಗೂ ಒಂಬತ್ತನೆಯವಳಿಗೂ ಒಂದು ಎಳ್ಳಿನಷ್ಟು ವ್ಯತ್ಯಾಸ. ಒಂದು ಸಂಜೆ ಚೇಷ್ಟೆಗೆಂದು ಇಬ್ಬರೂ ಜಾಗ ಬದಲಾಯಿಸಿಕೊಂಡರು. ಎಂಟನೆಯವಳನ್ನು ಕೊಡುತ್ತೇನೆಂದು ಅಪ್ಪ ಯಾವತ್ತೋ ಮಾತು ಕೊಟ್ಟಿದ್ದ ರಾಕ್ಷಸ ಅವತ್ತೇ ಬರಬೇಕೇ? ಬಂದ, ಒಂದರಿಂದ ಎಣಿಸಿದ, ಎಂಟನೇ ಜಾಗದಲ್ಲಿದ್ದವಳನ್ನು ಎತ್ತಿಕೊಂಡು ಹೋದ. "ಅವನಿಗೆ ಯಾರೂ ಹೇಳಲಿಲ್ವಾ ಅಜ್ಜೀ, ಇವಳಲ್ಲ ಅಂತ?" "ಹೇಳೋಕೆ ಗೊತ್ತಿದ್ದವಳು ಒಬ್ಬಳೇ ಕಣೇ. ಅವಳು ನಿದ್ದೆ ಬಂದವಳ ಹಾಗೆ ಮಲಗಿದ್ದಳು." ಅಜ್ಜಿ ಕತೆಯನ್ನು ಅಲ್ಲಿಗೇ ಬಿಟ್ಟು ಹೊದಿಕೆ ಎಳೆದುಕೊಳ್ಳುತ್ತಿದ್ದಳು. ಆ ಉಳಿದವಳ ಕತೆ ಏನಾಯಿತು, ಮರುದಿನ ಬೆಳಿಗ್ಗೆ ಎದ್ದು ಅವಳು ತಲೆ ಬಾಚಿಕೊಂಡಳೇ, ಊಟ ಮಾಡಿದಳೇ, ಅಜ್ಜಿ ಯಾವತ್ತೂ ಹೇಳಲಿಲ್ಲ. ಅವಳು ಉತ್ತರ ಗೊತ್ತಿರುವವಳ ಹಾಗೆ ಬಸ್ಸಿನ ಕಿಟಕಿಯ ಆಚೆ ನೋಡಿದಳು. ಬಾಚಿಕೊಂಡಳು. ಊಟ ಮಾಡಿದಳು. ಇಸ್ತ್ರಿ ಹಾಕಿದ ಸೀರೆ ಉಟ್ಟು ಬಸ್ಸಿನಲ್ಲಿ ಸೀಟು ಹಿಡಿದಳು.

ಹತ್ತೊಂಬತ್ತು ವರ್ಷದ ಹಿಂದಿನ ಆ ದಿನ ಸೆಕೆ ಇತ್ತು. ಅದಕ್ಕೇ ಫ್ಯಾನು. ಅತ್ತ ಇತ್ತ ಮುಖ ತಿರುಗಿಸುವ ಮೇಜಿನ ಫ್ಯಾನು, ಎಲ್ಲರ ಮಾತಿಗೂ ಅಲ್ಲ ಅಲ್ಲ ಎಂದು ತಲೆಯಾಡಿಸುವ ಸೊಸೆಯ ಹಾಗೆ. ಮೈಕ್ರೋಸ್ಕೋಪಿನಲ್ಲಿ ಕಂಡ ವರ್ಣತಂತುಗಳನ್ನು ಅವಳು ಕಾಗದದ ಮೇಲೆ ಬಿಡಿಸಿಕೊಂಡಿದ್ದಳು. ಒಂದು ಜೀವಕೋಶಕ್ಕೆ ಒಂದು ಚಿತ್ರ. ಡೊಂಕು ಡೊಂಕಾದ ಆ ಗೆರೆಗಳ ಮೇಲೆ ಹತ್ತಿಯ ದಾರವನ್ನು ಗೆರೆ ಹೋದ ಹಾಗೇ ಕೂರಿಸಿ, ತುದಿಗೆ ಕತ್ತರಿಸಿ, ನೆಟ್ಟಗೆ ಮಾಡಿ, ಕಾರ್ಡಿನ ಮೇಲೆ ಅಂಟಿಸಿ, ಆಮೇಲೆ ಅಳತೆ. ಒಂದು ಕೋಶಕ್ಕೆ ಒಂದು ಕಾರ್ಡು, ಒಂದು ಕಾರ್ಡಿಗೆ ಹನ್ನೆರಡು ದಾರ. ಹತ್ತು ಕಾರ್ಡುಗಳ ಸರಾಸರಿ ತೆಗೆದು ಸಾಲು ಕಟ್ಟುವುದು. ಏಳನೇ ಕಾರ್ಡಿನ ಹೊತ್ತಿಗೆ ಅಂಟು ಮುಗಿಯುತ್ತಾ ಬಂದು ತೆಳ್ಳಗೆ ಹಚ್ಚಿದ್ದಳು. ಹತ್ತೂ ಕಾರ್ಡು ಅಂಟಿಸಿ ಮುಗಿಸಿ, ಕೊನೆಗೆ ಉಳಿದಿದ್ದ ಇದನ್ನು ಅಳೆಯಲು ಸ್ಕೇಲು ತೆಗೆದುಕೊಳ್ಳಬೇಕು ಎನ್ನುವಷ್ಟರಲ್ಲಿ ಫ್ಯಾನು ಇತ್ತ ತಿರುಗಿತು. ಎರಡು ದಾರ ಎದ್ದು, ಒಂದು ಗಳಿಗೆ ಬೆಳಕಿನಲ್ಲಿ ತೇಲಿ, ನೆಲಕ್ಕೆ ಬಿದ್ದವು. ಚಿತ್ರದಲ್ಲಿ ಅವಳು ಸದ್ಯಕ್ಕೆ ಎಂಟು, ಒಂಬತ್ತು ಎಂದು ಗುರುತು ಹಾಕಿಕೊಂಡಿದ್ದವು. ಆರಿಸಿಕೊಂಡು ಅಂಗೈಯಲ್ಲಿಟ್ಟು ನೋಡಿದಳು. ಅಕ್ಕಿಕಾಳಿನ ಅಗಲದಷ್ಟೂ ಅಂತರವಿಲ್ಲ. ಚಿತ್ರದ ಮೇಲೆ ಮತ್ತೊಮ್ಮೆ ಇಟ್ಟು ನೋಡಿದ್ದರೆ ಐದು ನಿಮಿಷದ ಕೆಲಸ. ಚಿತ್ರಗಳು ಆಗಲೇ ಅವಳಿದ್ದ ಸಂಶೋಧನಾ ಸಂಸ್ಥೆಯ ಮುಖ್ಯಸ್ಥರಾದ ದೊಡ್ಡ ಮೇಷ್ಟ್ರ ಕೋಣೆಗೆ ಹೋಗಿದ್ದವು, ಅವರು ನಾಲ್ಕು ಗಂಟೆಯ ಅಂಚೆಗೆ ಕೋಷ್ಟಕ ಬೇಕೆಂದಿದ್ದರು, ಆಗ ಮೂರೂಮುಕ್ಕಾಲು. ಉದ್ದದ್ದು ಎಂಟನೆಯದೇ ಇರಬೇಕಲ್ಲ, ಎಂದುಕೊಂಡು ಉದ್ದದ್ದನ್ನು ಎಂಟರ ಜಾಗದಲ್ಲಿ ಅಂಟಿಸಿದಳು. ಉಳಿದ ಒಂಬತ್ತು ಕಾರ್ಡುಗಳಲ್ಲಿ ಒಮ್ಮೆ ಅದು ಉದ್ದ, ಒಮ್ಮೆ ಇದು ಉದ್ದ. ತಕ್ಕಡಿ ಸರಿಸಮವಾಗಿ ತೂಗಾಡುತ್ತಿತ್ತು. ಈ ಒಂದು ಕಾರ್ಡು ಅದನ್ನು ಒಂದು ಕಡೆಗೆ ವಾಲಿಸಿತು.

ಗಂಡ ಆಗ ಗಂಡನಲ್ಲ. ಸಂಸ್ಥೆಯ ಹಿಂದಿನ ಗದ್ದೆಯಲ್ಲಿ ಸದಾ ಪಾದದ ತನಕ ಕೆಸರು ಮೆತ್ತಿಕೊಂಡಿರುತ್ತಿದ್ದ ಸಹೋದ್ಯೋಗಿ. ಅವನ ಮಡಿಗಳಲ್ಲಿದ್ದದ್ದು ಒಂದು ವರ್ಣತಂತು ಹೆಚ್ಚಾಗಿ ಹುಟ್ಟಿದ ಗಿಡಗಳು. ಹನ್ನೆರಡರಲ್ಲಿ ಯಾವುದು ಹೆಚ್ಚಾಯಿತೋ ಅದಕ್ಕೆ ತಕ್ಕ ರೂಪ. ಹನ್ನೆರಡು ಮಡಿ, ಹನ್ನೆರಡು ಗೂಟ, ಗೂಟಕ್ಕೊಂದು ಚೀಟಿ. ಅವಕ್ಕೆ ಅವನು ಅಡ್ಡಹೆಸರಿಟ್ಟಿದ್ದ. ಎಲೆ ಕಿರಿದಾದದ್ದು ಸೂಜಿ, ಬಣ್ಣ ಮಾಸಿದ್ದು ಮಬ್ಬಿ, ಹೊರಗೇ ಬರಲೊಲ್ಲದ ತೆನೆಯದ್ದು ನಾಚಿಕೆಯವಳು. "ಮಬ್ಬಿಗೆ ಇವತ್ತು ತಲೆನೋವು, ಮಾತಾಡಿಸಬೇಡಿ," ಎನ್ನುತ್ತಿದ್ದ. ಆಗ ಅವನು ಒಂದು ಸಲ ನೋಡಿದರೆ ಸಾಕಿತ್ತು. ಬಾಗಿಲು ಎಳೆದುಕೊಂಡು ಹೊರಟರೆ ಹಿಂದೆ ತಿರುಗುತ್ತಿರಲಿಲ್ಲ. ಸೂಜಿಯಲ್ಲಿ ಹೆಚ್ಚಾಗಿರುವುದು ಎಂಟನೆಯದು, ಮಬ್ಬಿಯಲ್ಲಿ ಒಂಬತ್ತನೆಯದು ಎಂದು ಅವನು ಬರೆದಿಟ್ಟಿದ್ದ. ಅವಳ ಕೋಷ್ಟಕದ ಜೊತೆ ಹೋಲಿಸಿದಾಗ ಅದು ತಿರುವುಮುರುವಾಗಿ ಬಂತು. ಎಲ್ಲರೂ ಕೂತಿದ್ದ ಕೋಣೆಯಲ್ಲಿ ದೊಡ್ಡ ಮೇಷ್ಟ್ರು ದನಿ ಏರಿಸದೆ ಕೇಳಿದರು: "ಕೋಷ್ಟಕ ದಾರ ಹಿಡಿದು ಅಳೆದದ್ದು. ನೀನು ಕೆಸರಿನಲ್ಲಿ ಗೂಟ ನೆಟ್ಟದ್ದು. ಚೀಟಿ ಅದಲುಬದಲಾಗಿರೋದು ಯಾರ ಕೈಯಲ್ಲಿ ಅಂತ ನೀನೇ ಹೇಳಪ್ಪ." ಅವನು ಅವಳ ಕಡೆ ನೋಡಿದ. ಆಪಾದನೆಯಿಂದಲ್ಲ, ಸಹಾಯಕ್ಕೆ, ಹೌದಾ, ದಾರ ಹಾಗೇ ಹೇಳಿತಾ ಎಂಬ ಹಾಗೆ. ಅವಳು ಪೆನ್ಸಿಲಿನ ತುದಿ ಚೂಪಾಗಿದೆಯೇ ಎಂದು ಪರೀಕ್ಷಿಸಿದಳು. ಎರಡು ಚೀಟಿ ತಪ್ಪಿದ್ದರೆ ಉಳಿದ ಹತ್ತನ್ನು ನಂಬುವುದು ಹೇಗೆ ಎಂದು ಯಾರೋ ಅಂದರು. ಒಂದು ಬುಧವಾರ ಟ್ರ್ಯಾಕ್ಟರು ಬಂದು ಹನ್ನೆರಡು ಮಡಿಯನ್ನೂ ಉತ್ತು ಹೋಯಿತು. ಅವನು ಬದುವಿನ ಮೇಲೆ ನಿಂತು, ಕಿತ್ತ ಗೂಟಗಳನ್ನು ಸೌದೆಯ ಹಾಗೆ ಎದೆಗವಚಿಕೊಂಡಿದ್ದ. ಅವಳು ಎರಡನೇ ಮಹಡಿಯ ಕಿಟಕಿಯಲ್ಲಿದ್ದಳು. ಅದಾಗಿ ಮೂರು ತಿಂಗಳಿಗೆ ಚಿತ್ರಗಳು ಮೇಷ್ಟ್ರ ಕೋಣೆಯಿಂದ ಹಿಂದಿರುಗಿದವು. ಬಾಗಿಲು ಹಾಕಿಕೊಂಡು ಏಳನೆಯದರ ಮೇಲೆ ಹೊಸ ದಾರ ಕೂರಿಸಿ ಅಳೆದಳು. ಒಂದು ಸಲವಲ್ಲ, ಮೂರು ಸಲ. ಮೂರು ಸಲವೂ ಚಿತ್ರದಲ್ಲಿ ಒಂಬತ್ತೆಂದು ಗುರುತಿದ್ದದ್ದೇ ಉದ್ದ ಬಂತು.

ಹೇಳಿಬಿಡಬೇಕೆಂದೇ ಅವನ ಬಾಡಿಗೆ ಕೋಣೆಗೆ ಹೋಗಿದ್ದಳು. ಅವನು ಕೆಲಸ ಬಿಟ್ಟು ಆಗ ಎರಡು ವಾರ. ಅವನು ನೆಲದ ಮೇಲೆ ಕೂತು ತನ್ನದೇ ಪುಸ್ತಕಗಳ ಮೇಲೆ ತನ್ನದೇ ಹೆಸರು ಬರೆಯುತ್ತಿದ್ದ. ತಲೆ ಎತ್ತಿ, "ಅಷ್ಟು ಜನರಲ್ಲಿ ನೀವೊಬ್ಬರು ಬಂದ್ರಿ," ಎಂದ. ಅವಳು ಪಕ್ಕದಲ್ಲಿ ಕೂತು ಪುಸ್ತಕಗಳನ್ನು ಜೋಡಿಸಿಕೊಟ್ಟು ಎದ್ದು ಬಂದಳು. ನಾಳೆ ಹೇಳೋಣವೆಂದು ಮರುದಿನ ಹೋದಳು, ಅದರ ಮರುದಿನ ಹೋದಳು. ಸುಳ್ಳು ಹೇಳಿ ಮದುವೆಯಾದವರು ಊರ ತುಂಬ ಇದ್ದಾರೆ. ನಿಜ ಹೇಳಲು ಹೋಗಿ ಮದುವೆಯಾದವಳು ತಾನೊಬ್ಬಳೇ ಇರಬೇಕು. ಪ್ರೀತಿಗೋ ಪಾಪಕ್ಕೋ ಎಂದು ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಿದ್ದಾಳೆ. ಹಾಲು ನೀರು ಬೆರೆತ ಮೇಲೆ ಯಾವ ಹನಿ ಯಾವುದೆಂದು ಆರಿಸಿಕೊಡುವವರು ಯಾರು? ಹೆರಿಗೆಯ ದಿನ ದಾದಿ ಮಗುವನ್ನು ಸ್ನಾನಕ್ಕೆ ಒಯ್ಯುವ ಮೊದಲು ಅವನು ಜೇಬಿನಿಂದ ಪೆನ್ನು ತೆಗೆದು ಮಗುವಿನ ಪಾದಕ್ಕೆ ಒಂದು ಸಣ್ಣ ಗುರುತು ಹಾಕಿದ್ದ. ದಾದಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಸ್ವಾಮಿ, ಮೂಗು ನೋಡಿ, ನಿಮ್ಮದನ್ನೇ ಅಂಟಿಸಿದ ಹಾಗಿದೆ." ಅವನೂ ನಕ್ಕ. ಮಂಚದ ಮೇಲಿದ್ದವಳು ಗೋಡೆಯ ಕಡೆ ಹೊರಳಿಕೊಂಡಳು.

ಸಭಾಂಗಣದಲ್ಲಿ ಕುರ್ಚಿಗಳಿಗೆ ಬಿಳಿ ಗೌಸು ಹಾಕಿದ್ದರು. ಕಾರ್ಯದರ್ಶಿ ದಪ್ಪ ಕನ್ನಡಕದ ಚುರುಕಿನ ಹೆಂಗಸು. ಕೈಯ ಹತ್ತಿರ ಒಂದು ಪುಟ್ಟ ಗಂಟೆ ಇಟ್ಟುಕೊಂಡು, ಯಾರ ಮಾತು ಉದ್ದವಾದರೂ ಟಿಣ್ ಎನ್ನಿಸುತ್ತಿದ್ದಳು. ಮುಂದಿನ ಸಾಲಿನಲ್ಲಿ ಗೌರವದ ಅತಿಥಿಯಾಗಿ ದೊಡ್ಡ ಮೇಷ್ಟ್ರು. ಟ್ರ್ಯಾಕ್ಟರು ಬಂದ ವರ್ಷವೇ ಬೇರೆ ಕಡೆ ದೊಡ್ಡ ಹುದ್ದೆಗೆ ಹೋದವರು, ಈಗ ಕಿವಿಗೆ ಯಂತ್ರ, ಮೊಣಕಾಲಿನ ಮಧ್ಯೆ ಕೋಲು. ಬೆಳಗೆಲ್ಲ ವಂಶವಾಹಿಗಳ ಹೆಸರಿನ ಜಗಳ. ಕುಳ್ಳುತನದ್ದಕ್ಕೆ ಯಾರ ಹೆಸರು ಉಳಿಯಬೇಕು? ಮೊದಲು ಅಚ್ಚಾದದ್ದು ಉಳಿಯಲಿ, ಮಿಕ್ಕವು ಆವರಣ ಚಿಹ್ನೆಯೊಳಗೆ ಹೋಗಲಿ. "ನಾನು ಇಪ್ಪತ್ತೆರಡು ವರ್ಷ ಸಾಕಿದ ಹೆಸರು ಮಾರಾಯರೇ, ಆವರಣದೊಳಗೆ ಹಾಕಿದರೆ ಅದಕ್ಕೆ ಗಾಳಿ ಎಲ್ಲಿ ಆಡುತ್ತೆ," ಎಂದು ಒಬ್ಬ ಮುದುಕರು ಅಂದಾಗ ಸಭೆಯೆಲ್ಲ ನಕ್ಕಿತು. "ಒಂದು ಕೂಸಿಗೆ ನಾಲ್ಕು ಸೋದರತ್ತೆಯರು, ಏನು ಮಾಡೋಕಾಗುತ್ತೆ," ಎಂದಳು ಕಾರ್ಯದರ್ಶಿ, ಗಂಟೆ ಬಾರಿಸುತ್ತಾ. ಡಬ್ಬಿಯ ಚೀಲ ಹಿಡಿದು ಕೂತಿದ್ದ ಅವಳೂ ಎಲ್ಲರ ಜೊತೆ ನಕ್ಕಳು. ತನ್ನ ನಗು ಉಳಿದವರದ್ದಕ್ಕಿಂತ ಒಂದು ಕ್ಷಣ ತಡವಾಗಿ ನಿಂತದ್ದು ಕೇಳಿಸಿತು. ಊಟ ಅರ್ಧಕ್ಕೇ ಬಿಟ್ಟು ಎದ್ದಳು. ಕೈತೊಳೆಯುವ ಕಡೆ ಕನ್ನಡಿಯಲ್ಲಿ ನೋಡಿಕೊಂಡು ಬಾಯಿ ಆಡಿಸಿ ನೋಡಿದಳು. ಏಳನೇ ಕಾರ್ಡು ತಪ್ಪು. ಪಕ್ಕದ ನಲ್ಲಿಯಲ್ಲಿದ್ದ ಹುಡುಗಿ, "ಏನಂದ್ರಿ ಮೇಡಂ?" ಎಂದಳು. "ಸೋಪು ಕೊಡಿ ಅಂದೆ."

ಮೂರು ಗಂಟೆ ಹತ್ತು ನಿಮಿಷಕ್ಕೆ ಗೋಡೆಯ ಪರದೆಯ ಮೇಲೆ ಅವಳ ಕೋಷ್ಟಕ ಬಂತು. ಹಳೇ ಅಚ್ಚಿನ ಅಂಕಿಗಳು ಆಳೆತ್ತರಕ್ಕೆ ನಿಂತಿದ್ದವು. ಯಾರದ್ದಾದರೂ ಆಕ್ಷೇಪಣೆ ಇದೆಯೇ ಎಂದು ಕಾರ್ಯದರ್ಶಿ ಕೇಳಿದಳು, ಇಲ್ಲ ಎಂಬ ಉತ್ತರಕ್ಕೆ ಆಗಲೇ ತಲೆಯಾಡಿಸುತ್ತಾ. ಅವಳು ಎದ್ದಳು. ಎದ್ದದ್ದು ಕಾಲುಗಳು, ಮಿಕ್ಕದ್ದೆಲ್ಲ ಆಮೇಲೆ ಬಂತು. ಮಾತು ಶುರು ಮಾಡಿ ಅರ್ಧ ಹೇಳಿ ಮುಗಿಸಿದ ಮೇಲೆ, "ಮೇಡಂ, ಮೈಕಿನ ಗುಂಡಿ ಒತ್ತಿ, ಯಾರಿಗೂ ಏನೂ ಕೇಳಿಸ್ಲಿಲ್ಲ," ಎಂದರು ಯಾರೋ. ಹತ್ತೊಂಬತ್ತು ವರ್ಷದ ಮಾತು ಒಂದು ಸಲ ಗಾಳಿಗೆ ಹೋಯಿತು. ಮತ್ತೆ ಮೊದಲಿನಿಂದ ಹೇಳಬೇಕಾಯಿತು, ಎರಡನೇ ಸಲ ಅದು ಪಾಠ ಒಪ್ಪಿಸಿದ ಹಾಗೆ ಸವೆದು ಬಂತು: ಏಳನೇ ಕಾರ್ಡಿನ ಎರಡು ದಾರ ಫ್ಯಾನಿನ ಗಾಳಿಗೆ ಬಿದ್ದವು, ಅಂದಾಜಿನ ಮೇಲೆ ಅಂಟಿಸಿದೆ, ಆಮೇಲೆ ಅಳೆದು ನೋಡಿದಾಗ ತಪ್ಪೆಂದು ಗೊತ್ತಾಯಿತು, ಹೇಳಲಿಲ್ಲ, ಎಂಟು ಒಂಬತ್ತಾಗಬೇಕು, ಒಂಬತ್ತು ಎಂಟಾಗಬೇಕು. ಡಬ್ಬಿಯನ್ನು ಎತ್ತಿ ತೋರಿಸಿದಳು. ಹಳೇ ದಾರ ಎಂಬ ಚೀಟಿ ನೋಡಿ ಯಾರೋ ಕಿಸಕ್ಕೆಂದರು.

ಸಭೆ ಮೌನವಾಗುತ್ತದೆ, ಯಾರಾದರೂ ಕುರ್ಚಿ ಹಿಂದೆ ತಳ್ಳಿ ಎದ್ದು ನಿಲ್ಲುತ್ತಾರೆ, ಛೀ ಎನ್ನುತ್ತಾರೆ ಎಂದು ಎಷ್ಟು ವರ್ಷದಿಂದ ಕಾದಿದ್ದಳು. ಕಾರ್ಯದರ್ಶಿ ಮುಂದಿದ್ದ ಹಾಳೆಗಳನ್ನು ಮಗುಚಿದಳು. "ನಾಲ್ಕನೇ ನಿಯಮ ನೋಡಿ. ಬಳಕೆಗೆ ಬಂದ ಸಂಖ್ಯೆಯನ್ನು ಉದ್ದದ ಕಾರಣಕ್ಕೆ ಬದಲಾಯಿಸೋ ಹಾಗಿಲ್ಲ. ಈಗ ನೂರಾರು ಜನ ಎಂಟು ಅಂತಲೇ ಬರೆದಿದ್ದಾರೆ. ಅದನ್ನ ಒಂಬತ್ತು ಮಾಡಿದ್ರೆ ಗೊಂದಲ ಹೆಚ್ಚುತ್ತೆ. ಎಂಟು ಎಂಟಾಗಿಯೇ ಇರಲಿ. ಬೇಕಾದ್ರೆ ಕೆಳಗೊಂದು ಟಿಪ್ಪಣಿ ಹಾಕೋಣ. ಮೇಡಂ ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಸಭೆಯ ಪರವಾಗಿ ಧನ್ಯವಾದ." ಚಪ್ಪಾಳೆ ಬಿತ್ತು. ನಿಜವಾದ, ಬೆಚ್ಚಗಿನ ಚಪ್ಪಾಳೆ. ಅವಳು ಕೂರಲಿಲ್ಲ. "ಆ ಗದ್ದೆ," ಎಂದಳು. "ಆ ಗದ್ದೆಯ ಚೀಟಿಗಳು ಸರಿಯಾಗಿದ್ದವು. ಉತ್ತುಬಿಟ್ಟರು. ಅದನ್ನೂ ಬರೆಯಬೇಕು." "ಯಾವ ಗದ್ದೆ ಮೇಡಂ?" ಹೆಸರು ಹೇಳಬೇಕೆಂದರೆ ಗಂಡನ ಹೆಸರು ಹೇಳಬೇಕು. ಅದು ನಾಲಿಗೆಯ ಮೇಲೆ ಬಂದು, ಇಷ್ಟು ಜನರ ಮುಂದೆ ಅವನನ್ನು ಮತ್ತೊಮ್ಮೆ ಬದುವಿನ ಮೇಲೆ ನಿಲ್ಲಿಸಿದಂತಾಗುತ್ತದೆಂದು ಹಿಂದಕ್ಕೆ ಹೋಯಿತು. "ಅದು ಕಾರ್ಯಸೂಚಿಯಲ್ಲಿ ಇಲ್ಲ," ಎಂದು ಕಾರ್ಯದರ್ಶಿ ಮೃದುವಾಗಿಯೇ ಹೇಳಿ ಗಂಟೆ ಒತ್ತಿದಳು.

ಚಹಾ ಕುಡಿಯುವಾಗ ದೊಡ್ಡ ಮೇಷ್ಟ್ರು ಕೋಲೂರಿಕೊಂಡು ಹತ್ತಿರ ಬಂದರು. "ನಂಗೆ ಅವತ್ತೇ ಅನುಮಾನ ಇತ್ತಮ್ಮ. ಏಳನೇ ಕಾರ್ಡಿನಲ್ಲಿ ಅಂಟು ಎರಡು ಸಲ ಹಚ್ಚಿದ ಕಲೆ ಇತ್ತು. ಆದರೆ ಅಂಚೆಗೆ ಹೊತ್ತಾಗಿತ್ತು ನೋಡು." ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಮುರಿಯುವ ಮೊದಲೇ ಬಾಯಿಗೆ ಹಾಕಿಕೊಂಡರು, ಆ ಲೆಕ್ಕ ಮಾತ್ರ ಇನ್ನೂ ತಪ್ಪಿರಲಿಲ್ಲ. "ಅಷ್ಟಕ್ಕೂ ಯಾರಿಗೇನು ನಷ್ಟ ಆಯ್ತು ಹೇಳು. ಆ ಗದ್ದೆಯ ಹುಡುಗ ಒಬ್ಬನಿದ್ದ, ಒಳ್ಳೇ ಕೈ ಅವನದ್ದು. ಏನಾದ ಅವನು?" "ಮೇಷ್ಟ್ರಾಗಿದ್ದಾರೆ," ಎಂದಳು. "ಒಳ್ಳೇದು, ಒಳ್ಳೇದು. ನೆಲೆ ನಿಂತನಲ್ಲ," ಎಂದು ಅವಳ ತಲೆಯ ಮೇಲೆ ಕೈಯಿಟ್ಟರು. ಅವಳು ತಲೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಯಾಕೆ ತೆಗೆದುಕೊಳ್ಳಲಿಲ್ಲ ಎಂದು ಬಸ್ಸಿನಲ್ಲಿ, ನಿಂತುಕೊಂಡೇ, ಮನೆಯವರೆಗೂ ಕೇಳಿಕೊಳ್ಳುತ್ತಾ ಬಂದಳು.

ಮನೆಯಲ್ಲಿ ಇನ್ನೂ ಬಿಸಿಲಿತ್ತು. ಮಗಳು ಗೆಳತಿಯ ಮನೆಗೆ ಹೋಗಿದ್ದಳು. ಅವನು ಮೇಜಿನ ಮೇಲೆ ಉತ್ತರಪತ್ರಿಕೆ ಹರಡಿಕೊಂಡು ಎರಡನೇ ಸಲದ ಕೂಡಿಕೆಯಲ್ಲಿದ್ದ. ಪೆನ್ನಿನ ತುದಿ ಅಂಕಿಯಿಂದ ಅಂಕಿಗೆ ಇರುವೆಯ ಹಾಗೆ ಇಳಿಯುತ್ತಿತ್ತು. ತಲೆಯ ಮೇಲೆ ಫ್ಯಾನು. "ಮುದ್ರೆ ಬಿತ್ತಾ?" "ಬಿತ್ತು." ಅವಳು ಚಪ್ಪಲಿ ಬಿಡಲಿಲ್ಲ, ಮುಖ ತೊಳೆಯಲಿಲ್ಲ. ತೊಳೆದರೆ ಧೈರ್ಯವೂ ತೊಳೆದುಹೋದೀತು. ಡಬ್ಬಿಯನ್ನು ಉತ್ತರಪತ್ರಿಕೆಗಳ ಮೇಲಿಟ್ಟು ಮುಚ್ಚಳ ತೆಗೆದಳು. ಒಳಗೆ ಹಳದಿಯಾದ ಕಾರ್ಡು, ಮಡಿಸಿದ ಚಿತ್ರ, ಆಮೇಲೆ ಅಳೆದ ದಾರಗಳು. ಅಂಟು ಒಣಗಿ ಪುಡಿಯಾಗಿ, ಕಾರ್ಡಿನ ಎಷ್ಟೋ ದಾರಗಳು ಒಂದು ತುದಿಯಲ್ಲಷ್ಟೇ ಹಿಡಿದುಕೊಂಡಿದ್ದವು. ಅವನು ಅದನ್ನು ನೋಡಿದವನೇ, "ತಾಳು," ಎಂದು ಎದ್ದು ಹೋಗಿ ಫ್ಯಾನು ಆರಿಸಿದ. "ಹಾರಿಹೋದೀತು." ವಾಪಸು ಬಂದು ಕೂತ. ರೆಕ್ಕೆಗಳು ನಿಧಾನವಾಗಿ ಸುತ್ತಿ ನಿಲ್ಲುವವರೆಗೂ ಅವಳು ಕಾದಳು. ಆಮೇಲೆ ಹೇಳಿದಳು. ಇಲ್ಲಿ ಮೈಕು ಇರಲಿಲ್ಲ, ಗಂಟೆ ಇರಲಿಲ್ಲ. ಸೆಕೆಯನ್ನೂ, ಅಂಟನ್ನೂ, ನಾಲ್ಕು ಗಂಟೆಯ ಅಂಚೆಯನ್ನೂ, ಪೆನ್ಸಿಲಿನ ತುದಿಯನ್ನೂ, ಎರಡನೇ ಮಹಡಿಯ ಕಿಟಕಿಯನ್ನೂ, ಮೂರು ಸಲ ಅಳೆದದ್ದನ್ನೂ ಹೇಳಿದಳು. "ನಿಮ್ಮ ಚೀಟಿ ಸರಿಯಾಗೇ ಇದ್ವು ರೀ. ನೀವು ಏನೂ ತಪ್ಪು ಮಾಡಿರಲಿಲ್ಲ. ಒಂದೂ ಇಲ್ಲ. ಅಷ್ಟೂ ನಾನೇ." ಹೇಳಿ, ಏಟಿಗೆ ಕಾಯುವವಳ ಹಾಗೆ ಕಣ್ಣು ಮುಚ್ಚಿಕೊಂಡಳು.

ಅವಳು ಕಣ್ಣು ಬಿಟ್ಟಾಗ ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಜ್ವರ ಬಂದ ಮಗುವನ್ನು ನೋಡುವಾಗ ಇರುತ್ತಿದ್ದ ಮುಖ. "ಈ ಕತೇನ ಎಷ್ಟು ದಿನದಿಂದ ಕಟ್ಟಿಕೊಂಡಿದ್ದೆ ನೀನು," ಎಂದ. "ನನ್ನ ಸಮಾಧಾನಕ್ಕೆ ಅಂತ." "ಸಮಾಧಾನಕ್ಕಲ್ಲ," ಎಂದಳು. "ನಿಜ. ಚಿತ್ರ ನೋಡಿ, ದಾರ ಇಟ್ಟು ನೋಡಿ." "ಒಂದು ಕಾರ್ಡಿನ ದಾರ ಆಚೀಚೆ ಆಗಿರಬಹುದು. ಇಲ್ಲ ಅನ್ನಲ್ಲ. ಆದ್ರೆ ಚೀಟಿ ಬದಲಾದದ್ದೂ ನಿಜಾನೇ. ನಂಗೆ ಕಣ್ಣಿಗೆ ಕಟ್ಟಿದ ಹಾಗಿದೆ." ಅವನು ಎರಡೂ ಕೈಗಳನ್ನು ಮೇಜಿನ ಮೇಲೆ ಎತ್ತಿ, ಇಲ್ಲದ ಗೂಟಗಳನ್ನು ಹಿಡಿದ. "ಸಂಜೆ. ಮೋಡ ಮುಸುಕಿತ್ತು. ಸೂಜಿದು ಎಡಗೈಲಿತ್ತು, ಮಬ್ಬಿದು ಬಲಗೈಲಿ. ಹಿಂದಿನಿಂದ ಯಾರೋ ಕೂಗಿದ್ರು. ತಿರುಗಿ ನೋಡಿ ಮತ್ತೆ ಬಗ್ಗೋ ಹೊತ್ತಿಗೆ ಎಡದ್ದು ಬಲಕ್ಕೆ ಬಂದಿತ್ತು." ಕೈಗಳು ಅದಲುಬದಲಾದವು, ಎಷ್ಟು ಸಲೀಸಾಗಿ, ಎಷ್ಟು ಅಭ್ಯಾಸವಾಗಿ ಆದವೆಂದರೆ, ಹತ್ತೊಂಬತ್ತು ವರ್ಷ ದಿನವೂ ಒಂದು ಸಲ ಹೀಗೆ ಮಾಡಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. "ಯಾರು ಕೂಗಿದ್ದು?" ಎಂದಳು. "ಬಿಡು." "ಯಾರು?" "ನೀನೇ," ಎಂದ. "ಬದುವಿನ ಮೇಲೆ ನಿಂತು, ಚಹಾಕ್ಕೆ ಬನ್ನಿ ಅಂತ. ನಿಂಗೆ ಬೇಜಾರಾಗುತ್ತೆ ಅಂತ ಇಷ್ಟು ವರ್ಷ ಹೇಳಿರಲಿಲ್ಲ. ತಪ್ಪು ನಿಂದಲ್ಲ. ಕೂಗಿದವರದ್ದೇನು ತಪ್ಪು, ಗೂಟ ಹಿಡಿದಿದ್ದವನು ನಾನು."

ಆ ಹಂಗಾಮಿನಲ್ಲಿ ಅವಳು ಗದ್ದೆಗೆ ಇಳಿದೇ ಇರಲಿಲ್ಲ. ದಾರ, ಕಾರ್ಡು, ಮೈಕ್ರೋಸ್ಕೋಪು ಬಿಟ್ಟು ಏಳಲಿಲ್ಲ. ಇಳಿದಿರಲಿಲ್ಲ ತಾನೇ? ಒಂದು ಸಂಜೆ ಸುಮ್ಮನೆ ಗಾಳಿಗೆಂದು, ಮೋಡ ನೋಡಿಕೊಂಡು, ಬದುವಿನ ತನಕ? ಕೆಸರಿನ ವಾಸನೆ ಮೂಗಿಗೆ ಬಂತು, ಬಗ್ಗಿದ ಬೆನ್ನೊಂದು ತಿರುಗಿತು, ಮತ್ತು ಅವಳು ಎರಡೂ ಕೈಗಳಿಂದ ಮೇಜಿನ ಅಂಚನ್ನು ಹಿಡಿದುಕೊಂಡಳು. ಇಲ್ಲ, ಚಿತ್ರ ಇದೆ, ಅಳತೆ ಇದೆ. ಆದರೆ ಚಿತ್ರದಲ್ಲಿ, ಅಳತೆಯಲ್ಲಿ, ಅವನ ಆ ಸಂಜೆಯೊಳಕ್ಕೆ ಹೋಗುವ ಬಾಗಿಲಿಲ್ಲ. ತಾನು ಮೌನವಾಗಿ ಕೂತ ಒಂದೊಂದು ದಿನವೂ ಅವನು ಒಂದೊಂದು ಇಟ್ಟಿಗೆ ಇಟ್ಟು ಆ ಸಂಜೆಯನ್ನು ಕಟ್ಟಿಕೊಂಡಿದ್ದಾನೆ. ಮೋಡ ಹಚ್ಚಿದ್ದಾನೆ, ಚಹಾ ಇಟ್ಟಿದ್ದಾನೆ, ಕೂಗಲು ಅವಳನ್ನೇ ತಂದು ನಿಲ್ಲಿಸಿ, ಕೂಗಿದ್ದಕ್ಕೆ ಅವಳನ್ನು ಕ್ಷಮಿಸಿಯೂ ಆಗಿದೆ. ಈಗ ಅದನ್ನು ಕಿತ್ತರೆ ಅವನ ಕಾಲ ಕೆಳಗೆ ಏನು ಉಳಿಯುತ್ತದೆ? "ರೀ," ಎಂದಳು.

"ಪಾಪ, ಎಲ್ಲ ಎದ್ದುಬಂದಿವೆ," ಎನ್ನುತ್ತಾ ಅವನು ಕಾರ್ಡನ್ನು ತನ್ನ ಕಡೆಗೆ ಎಳೆದುಕೊಂಡ. ಮೇಜಿನ ಖಾನೆ ತೆರೆದು, ಮೂರು ಕಡೆ ಅಂಟು ಎಂದು ಬರೆದಿದ್ದ ಶೀಶೆಯನ್ನು ತೆಗೆದ. ಬೆಂಕಿಕಡ್ಡಿಯ ತುದಿಯಿಂದ ಒಂದೊಂದು ದಾರದ ಕೆಳಗೂ ಒಂದೊಂದು ತೊಟ್ಟು ಇಟ್ಟು, ಉಗುರಿನಿಂದ ಒತ್ತಿ, ಊದದೆ, ಉಸಿರನ್ನೂ ಪಕ್ಕಕ್ಕೆ ಬಿಡುತ್ತಾ, ಒಂದು, ಎರಡು, ಮೂರು ಎಂದು ಇದ್ದ ಹಾಗೇ ಕೂರಿಸುತ್ತಾ ಹೋದ. ಕೋಣೆಯಲ್ಲಿ ಎಲೆ ಅಲ್ಲಾಡುವಷ್ಟೂ ಗಾಳಿಯಿರಲಿಲ್ಲ. ಅವಳ ಬೆನ್ನಿನ ಮೇಲೆ ಬೆವರು ಇಳಿಯುತ್ತಿತ್ತು. ಏಳು ಮುಗಿಯಿತು. ಎಂಟನೆಯದನ್ನು ಎತ್ತಿಕೊಂಡು, ಹಳೇ ಅಂಟಿನ ಕಲೆಯನ್ನು ಹುಡುಕಿ, ಅವಳು ಆ ದಿನ ಎಲ್ಲಿ ಅಂಟಿಸಿದ್ದಳೋ ಅಲ್ಲೇ, ಒಂದು ಕೂದಲೆಳೆಯೂ ಆಚೀಚೆ ಆಗದ ಹಾಗೆ ಒತ್ತಿದ. ಪಕ್ಕದಲ್ಲಿ ಒಂಬತ್ತನೆಯದು. ಕೆಳಗೆ ತನ್ನ ಗುಂಡಗಿನ ಅಕ್ಷರದಲ್ಲಿ ಅಂಕಿಗಳನ್ನು ಬರೆದ. ಕಾರ್ಡನ್ನು ದೂರ ಹಿಡಿದು ನೋಡಿದ, ಹತ್ತಿರ ತಂದು ನೋಡಿದ, ಮತ್ತೆ ದೂರ ಹಿಡಿದ.

"ಎಂಟನೇ ಜಾಗಕ್ಕೆ ಎಂಟನೇದೇ ಹಾಕಿದೆ ತಾನೇ?" ಎಂದ. "ನೀನು ನೋಡಿದೆಯಾ?"

"ನೋಡಿದೆ," ಎಂದಳು.